ಅಂಗೈಯಗಲದ ಕಂಪ್ಯೂಟರು, ಅಪ್ಪನ ಮಗ್ಗ

ಬೇರೆಯವರ ಮನೆಯಲ್ಲಿ ಕಂಪ್ಯೂಟರು ಗುಂಡಿ ಒತ್ತಿದರೆ ಶುರುವಾಗುತ್ತದಂತೆ. ನಮ್ಮ ಮನೆಯಲ್ಲಿ ಹಾಗೆ ಸುಮ್ಮನೆ ಶುರುವಾದ ದಿನ ನನಗೆ ನೆನಪಿಲ್ಲ. ಏನಾದರೊಂದು ನಡೆದೇ ನಡೆಯುತ್ತದೆ, ನಡೆದದ್ದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಕೆಳಗೆ ಅಪ್ಪನ ಪವರ್‌ಲೂಮು, ಮೇಲೆ ನನ್ನ ಕೋಣೆ. ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನಮ್ಮ ಬೀದಿಯವರ ಹಾಗೆ ಏನೇನೋ ಅಂದುಕೊಳ್ಳುತ್ತೀರಿ. ಅಂಗೈಯಗಲದ ಒಂದು ಬೋರ್ಡು ಸಿಗುತ್ತದೆ, ಅದೇ ಒಂದು ಪೂರ್ತಿ ಕಂಪ್ಯೂಟರು. ಆದರೆ ಅದರ ಬುದ್ಧಿಯೆಲ್ಲ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಇರಬೇಕು. ಆಪರೇಟಿಂಗ್ ಸಿಸ್ಟಮ್ಮು, ಅದರ ಮೇಲಿನ ಪ್ರೋಗ್ರಾಮು ಎಲ್ಲ ಸೇರಿಸಿ ಒಂದೇ ಅಚ್ಚು ಮಾಡಿ ಕಾರ್ಡಿಗೆ ಇಳಿಸಬೇಕು. ಆ ಅಚ್ಚಿಗೆ ಇಮೇಜ್ ಅಂತ ಹೆಸರು. ಸಿದ್ಧವಾಗಿ ಸಿಗುವ ಇಮೇಜಿನಲ್ಲಿ ಆಟ, ಹಾಡು, ಇಂಟರ್ನೆಟ್ಟು ಎಲ್ಲವೂ ತುಂಬಿರುತ್ತದೆ. ಮಗ್ಗಕ್ಕೆ ಅದ್ಯಾವುದೂ ಬೇಡ. ಸೀರೆಯ ಅಂಚಿಗೆ ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಅನ್ನುವುದು ಗೊತ್ತಿದ್ದರೆ ಸಾಕು. ಹಿಂದೆ ಅದನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳು ಹೇಳುತ್ತಿದ್ದವು. ಹರೆಯದಲ್ಲಿ ನಮ್ಮಪ್ಪ ಆ ತೂತು ಹೊಡೆಯುವುದರಲ್ಲಿ ಹೆಸರುವಾಸಿ.

ರಟ್ಟಿನ ಕಾಲ ಮುಗಿಯಿತೆಂದು ನೇಕಾರರ ಸಂಘದವರು ಹೊರಗಿನ ಊರಿಂದ ಮಗ್ಗ ನಡೆಸುವ ಸಿದ್ಧ ಕಂಪ್ಯೂಟರು ಪೆಟ್ಟಿಗೆಗಳನ್ನು ತರಿಸುವ ಮಾತಾಡುತ್ತಿದ್ದರು. ಸಭೆಯಲ್ಲಿ ಯಾವತ್ತೂ ಬಾಯಿ ಬಿಡದ ಅಪ್ಪ ಅವತ್ತು ಎದ್ದು ನಿಂತು, "ಹೊರಗಡೆಯಿಂದ ಯಾಕೆ? ನನ್ನ ಮಗಳು ಮಾಡ್ತಾಳೆ. ನಮ್ಮ ಮಗ್ಗದ ಮೇಲೇ ಓಡಿಸಿ ತೋರಿಸ್ತಾಳೆ, ಬಂದು ನೋಡಿ" ಅಂದುಬಿಟ್ಟರು. ಆಗ ನಾನಿನ್ನೂ ಪ್ರೋಗ್ರಾಮಿನ ಒಂದು ಸಾಲೂ ಬರೆದಿರಲಿಲ್ಲ. ಅಪ್ಪನ ಆ ಮಾತು ಉಳಿಸಲು ಪಟ್ಟ ಪಾಡೇ ಇದು.

ಎದುರುಮನೆಯ ಭಜನೆ

ಕೆಲಸ ಒಂದು ಹದಕ್ಕೆ ಬರುತ್ತಿದ್ದಾಗ ಎದುರುಮನೆಯ ಆಂಟಿ ಮೊಬೈಲಿನ ಕಾರ್ಡು ಹಿಡಿದು ಮೇಲೆ ಬಂದರು. "ನೀನು ಕಾರ್ಡಿಗೆ ತುಂಬ್ಕೊಡ್ತೀಯಂತಲ್ಲಮ್ಮ. ಇದ್ರಲ್ಲಿ ಭಜನೆ ಅವೆ, ಇನ್ನೊಂದಿಷ್ಟು ಹೊಸಾದು ಹಾಕ್ಕೊಡು."

ನಾನು ಹಾಡು ತುಂಬುವ ಅಂಗಡಿಯಲ್ಲ ಅಂತ ಹೇಳಬಹುದಿತ್ತು, ದಾಕ್ಷಿಣ್ಯ ಬಿಡಲಿಲ್ಲ. ಮೇಜಿನ ಮೇಲೆ ನನ್ನ ಕಾರ್ಡುಗಳು ಹರಡಿದ್ದವು. ಎಲ್ಲಕ್ಕೂ ಅದೇ ಕಪ್ಪು ಬಣ್ಣ, ಅದೇ ಅಳತೆ. ಸಂಜೆ ಕಾರ್ಡು ಒಯ್ದ ಆಂಟಿ ಹೋದಷ್ಟೇ ಬೇಗ ವಾಪಸ್ ಬಂದರು. ಅವರ ಕಾರ್ಡನ್ನು ನನ್ನದೆಂದುಕೊಂಡಿದ್ದೆ; ಭಜನೆಯೆಲ್ಲ ಅಳಿಸಿಹೋಗಿ, ಆ ಜಾಗದಲ್ಲಿ ಮಗ್ಗದ ಇಮೇಜ್ ಕೂತಿತ್ತು. ತಪ್ಪಿಲ್ಲದೆ ಚೊಕ್ಕವಾಗಿ ಇಳಿದ ನನ್ನ ಮೊದಲ ಇಮೇಜ್ ಅದು. ನನಗೆ ಒಳಗೊಳಗೇ ಖುಷಿ, ಆಂಟಿಗೆ ಅದು ಅರ್ಥವಾಗಲಿಲ್ಲ.

ಭಜನೆಗಳನ್ನು ಹುಡುಕಿ ಹುಡುಕಿ ಮತ್ತೆ ತುಂಬಿಕೊಟ್ಟೆ. ಆದರೂ ಮಾರನೆಯ ದಿನ ನಲ್ಲಿಯ ಹತ್ತಿರ ಆಂಟಿ ಹೇಳಿದ್ದು ಅಮ್ಮನ ಕಿವಿಗೆ ಬಿತ್ತು. "ಸಂಘದೋರು ಆ ಹುಡುಗೀನ ನಂಬ್ಕೊಂಡು ಕೂತವ್ರೆ. ಪಾಪ, ಅವಳಿಗಿನ್ನೂ ಹಾಡು ಹಾಕೋಕೇ ಬರಲ್ಲ."

ಮುಚ್ಚಳ

ಇಮೇಜ್ ಮಾಡುವಾಗ ಎಲ್ಲ ಹೊಂದಿಸಿ ಲ್ಯಾಪ್‌ಟಾಪಿಗೆ ಒಪ್ಪಿಸಿದರೆ ಅದು ಗಂಟೆಗಟ್ಟಲೆ ತಾನೇ ದುಡಿಯುತ್ತದೆ. ಫ್ಯಾನು ಭರ್ರೆನ್ನುತ್ತದೆ, ಮೈ ಕಾಯುತ್ತದೆ, ಪರದೆಯ ಮೇಲೆ ಸಾಲುಗಳು ಓಡುತ್ತವೆ. ನಾನು ನೋಡುತ್ತಾ ಕೂತಿರುತ್ತೇನೆ. "ಕೂತ್ಕೊಂಡು ನೋಡೋದೂ ಒಂದು ಕೆಲಸಾನಾ?" ಅಂತ ಅಮ್ಮ ಕೇಳಿದಾಗ, "ಹಾಲು ಕಾಯಿಸೋವಾಗ ನೀನು ಮಾಡೋದು ಇನ್ನೇನು?" ಅಂದೆ. ಹೋಲಿಕೆ ಅಮ್ಮನ ಮನಸ್ಸಿಗೆ ನಾಟಿತು. ಅಲ್ಲೇ ನಾನು ಕೆಟ್ಟೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಮೇಲೆ ಬಂದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಮೇಲೊಂದು ತೆಳುಬಟ್ಟೆ ಬೇರೆ. ಮುಚ್ಚಳ ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ. ಬೆಳಗಿನಿಂದ ಮಾಡಿದ್ದೆಲ್ಲ ನಡುವೆ ನಿಂತು ಕೆಟ್ಟಿತ್ತು.

"ಯಾಕಮ್ಮ ಮುಚ್ಚಿದೆ?"

"ಬಿಸಿ ಇತ್ತು. ಹಲ್ಲಿಗಿಲ್ಲಿ ಬಿದ್ದಾತು ಅಂತ."

"ಅರ್ಧಕ್ಕೇ ನಿಂತೋಯ್ತು."

"ಅರ್ಧ ಬೆಂದಿದ್ರೆ ಇನ್ನೊಂದು ಕುದಿ ಕುದಿಸು" ಅಂದರು ಅಮ್ಮ. "ಚೆಲ್ಲಬೇಡ."

ಕೆಂಪು ಸಾಲು

ಅಂತೂ ಬೋರ್ಡನ್ನು ಮಗ್ಗದ ತಲೆಗೆ ಕಟ್ಟಿ ಮೊದಲ ಸಲ ಚಾಲು ಮಾಡಿದೆ. ಪಕ್ಕದ ಪುಟ್ಟ ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಓಡಿದವು, ನಡುವೆ ಒಂದೇ ಒಂದು ಕೆಂಪು ಸಾಲು. ಮಗ್ಗ ಓಡತೊಡಗಿತು. ನೋಡನೋಡುತ್ತ ಅಂಚಿನ ಮೇಲೆ ನವಿಲಿನ ಕೊಕ್ಕು, ಆಮೇಲೆ ಕತ್ತು, ಆಮೇಲೆ ಗರಿ ಮೂಡಿತು. ನಾನು ಬರೆದದ್ದು ರೇಷ್ಮೆಯಾಗುವುದನ್ನು ಕಂಡು ನನ್ನ ಕಣ್ಣು ತುಂಬಿತು. ಅಪ್ಪ ಮಾತ್ರ ನವಿಲಿನ ಕಡೆ ತಿರುಗಲಿಲ್ಲ.

"ಕೆಂಪಗೆ ಫೇಲು ಅಂತ ಬಂತಲ್ಲ ಮಗಾ."

"ಅದು ಬ್ಲೂಟೂತ್ ಅಪ್ಪ. ನಮಗೆ ಬೇಡದ್ದು. ಅದು ಫೇಲಾದ್ರೆ ಏನೂ ಆಗಲ್ಲ."

"ನಿಮ್ಮ ಚಿಕ್ಕಪ್ಪನೂ ಹಿಂದೀಲಿ ಮಾತ್ರ ಫೇಲಾಗಿದ್ದ. ಇವತ್ತಿಗೂ ಊರವರು ಅದನ್ನೇ ಹೇಳ್ತಾರೆ."

ಬ್ಲೂಟೂತನ್ನು ಬೇರುಸಹಿತ ಕಿತ್ತೆ. ಓಡುವ ಸಾಲುಗಳನ್ನೆಲ್ಲ ಮರೆಮಾಡಿ, ಆ ಜಾಗದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ನಮಸ್ಕಾರ ಅಂತ ಬರುವ ಹಾಗೆ ಮಾಡಿದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ಮೆತ್ತಗೆ ಕೇಳಿದರು: "ಪಾಸು ಅಂತ ಬರಿಸೋಕಾಗಲ್ವಾ?"

ಇವತ್ತಿಗೂ ನನ್ನ ಇಮೇಜ್ ಶುರುವಾದರೆ ಮೊದಲು ಬರುವುದು ಹಸಿರು ಬಣ್ಣದ ಪಾಸು.

ಮೈನ್ ಸ್ವಿಚ್ಚು

ನಮ್ಮಪ್ಪ ಮಗ್ಗ ನಿಲ್ಲಿಸುವುದು ಒಂದೇ ಥರ: ಗೋಡೆಯ ಮೈನ್ ಸ್ವಿಚ್ಚನ್ನು ಟಪ್ಪೆಂದು ಕೆಳಗೆ ಎಳೆಯುವುದು. ಕಂಪ್ಯೂಟರು ಕಾರ್ಡಿನ ಮೇಲೆ ಏನಾದರೂ ಬರೆಯುತ್ತಿರುವಾಗ ಹಾಗೆ ಮಾಡಿದರೆ ಕಾರ್ಡು ಕೆಡುತ್ತದೆ. "ಮೊದಲು ಈ ಗುಂಡಿ ಒತ್ತಿ, ಪರದೆ ಕಪ್ಪಾಗೋವರೆಗೂ ಕಾಯ್ಬೇಕಪ್ಪ" ಅಂತ ಹೇಳಿಕೊಟ್ಟೆ.

"ಕರೆಂಟು ಹೋಗೋವಾಗ ಕಾದು ಹೋಗುತ್ತಾ?" ಅಂದರು.

ಕಾರ್ಡಿನ ಮೇಲೆ ಏನನ್ನೂ ಬರೆಯದೆ, ಬರೀ ಓದಿಕೊಂಡು ಓಡುವ ಹಾಗೆ ಇಮೇಜನ್ನು ಮತ್ತೆ ಕಟ್ಟಿದೆ. ಈಗ ಯಾವಾಗ ಬೇಕಾದರೂ ಕರೆಂಟು ಹೋಗಲಿ, ಬಂದಾಗ ಪಾಸು. ಇದು ಗೊತ್ತಾದ ಮೇಲೆ ಅಪ್ಪನಿಗೆ ಹೊಸ ಹವ್ಯಾಸ ಹತ್ತಿತು. ಮನೆಗೆ ಯಾರು ಬಂದರೂ ಮೊದಲು ಕೆಳಗಿನ ಮಗ್ಗದ ಶೆಡ್ಡಿಗೆ. ಪಕ್ಕದ ವಿಜಯಪುರದ ನೆಂಟರು ಬಂದಾಗಲಂತೂ ಟಪ್ಪೆಂದು ಎಳೆದರು, ಎತ್ತಿದರು, ಹಸಿರು ಅಕ್ಷರ ಬಂತು. "ನೋಡಿದ್ರಾ? ಏನೂ ಆಗಿಲ್ಲ. ನನ್ನ ಮಗಳು ಮಾಡಿದ್ದು." ಮತ್ತೆ ಎಳೆದರು. ಮತ್ತೆ ಎತ್ತಿದರು. ಬಾಗಿಲ ಹತ್ತಿರ ನಿಂತಿದ್ದ ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು.

ಅಷ್ಟರಲ್ಲಿ ಅಡಿಗೆಮನೆಯಿಂದ ಅಮ್ಮನ ದನಿ: "ನಿಮ್ಮ ಮಗಳ ಕಂಪ್ಯೂಟರು ತಡ್ಕೊಳ್ಳುತ್ತೆ ಕಣ್ರೀ. ನನ್ನ ಗ್ರೈಂಡರು ತಡ್ಕೊಳ್ಳಲ್ಲ."

ಅಧ್ಯಕ್ಷರು ಬಂದ ದಿನ

ಸಂಘದ ಅಧ್ಯಕ್ಷರು ನೋಡಲು ಬರುವ ದಿನ ಬಂತು. ಓಡಿದರೆ ಬೀದಿಯ ಮಗ್ಗಗಳಿಗೆಲ್ಲ ನನ್ನ ಕಾರ್ಡು. ಓಡದಿದ್ದರೆ ಹೊರಗಿನ ಪೆಟ್ಟಿಗೆ, ಮತ್ತು ಅಪ್ಪ ಇನ್ನು ಯಾವ ಸಭೆಯಲ್ಲೂ ಎದ್ದು ನಿಲ್ಲುವಂತಿಲ್ಲ. ಬೆಳಿಗ್ಗೆ ಹೊಸ ಕಾರ್ಡಿಗೆ ಇಮೇಜ್ ಇಳಿಸಿ, ಪರೀಕ್ಷೆ ಮಾಡಿ, ಅಮ್ಮ ಕೇಳಿದರೆಂದು ದೇವರ ಮುಂದೆ ಇಡಲು ಕೊಟ್ಟೆ. ಅಧ್ಯಕ್ಷರು ಚಪ್ಪಲಿ ಬಿಡುತ್ತಿದ್ದಾಗ ಅಮ್ಮ ಅದನ್ನು ತಂದು ಕೈಗಿಟ್ಟರು. ಗಡಿಬಿಡಿಯಲ್ಲಿ ನೋಡದೆಯೇ ಸಿಕ್ಕಿಸಿದೆ.

ಅಪ್ಪ ಮೈನ್ ಸ್ವಿಚ್ಚು ಎತ್ತಿದರು. ಪರದೆ ಕಪ್ಪಗೇ ಇತ್ತು. ಇಳಿಸಿ ಎತ್ತಿದರು. ಕಪ್ಪು. ಪಾಸೂ ಇಲ್ಲ, ಫೇಲೂ ಇಲ್ಲ. ಬಾಗಿಲಲ್ಲಿ ಸೇರಿದ್ದವರಲ್ಲಿ ಎದುರುಮನೆ ಆಂಟಿ, "ನಾನು ಅವತ್ತೇ ಹೇಳ್ದೆ" ಅನ್ನುವುದು ಕೇಳಿಸಿತು.

"ಇರಲಿ ಬಿಡಮ್ಮ, ಇನ್ನೊಂದಿನ ನೋಡೋಣ" ಎಂದು ಅಧ್ಯಕ್ಷರು ಏಳಹೊರಟರು.

"ಕೂತ್ಕೊಳಿ" ಅಂದರು ಅಪ್ಪ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ನನ್ನ ಮಗಳು ಮಾಡಿದ್ದು. ಬರುತ್ತೆ." ಆ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ.

ಕಾರ್ಡು ಹೊರಗೆಳೆದು ತಿರುಗಿಸಿದೆ. ಕಾರ್ಡಿನ ಬೆನ್ನಿನಲ್ಲಿ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ. ಬೋರ್ಡು ಅವನ್ನು ಮುಟ್ಟಿಯೇ ಓದಬೇಕು. ಆ ಹಲ್ಲುಗಳ ಮೇಲೆ ಅಡ್ಡಡ್ಡ ಅರಿಶಿನ, ನಡುವೆ ದುಂಡಗೆ ಕುಂಕುಮ.

"ಅಮ್ಮಾ, ಇಲ್ಲಿ ಯಾಕೆ ಹಚ್ಚಿದೆ?"

"ಬಂಗಾರದ ಬಣ್ಣ ಇತ್ತಲ್ಲ, ಅದೇ ಮುಖ ಅಂದ್ಕೊಂಡೆ" ಅಂದರು ಅಮ್ಮ. ಆಮೇಲೆ ಕಾರ್ಡು ಇಸಿದುಕೊಂಡು, ಸೆರಗಿನಿಂದ ಚೆನ್ನಾಗಿ ಒರೆಸಿ, ತಪ್ಪಾಯಿತೆಂದು ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟರು. ಸಿಕ್ಕಿಸಿದೆ. ಹಸಿರು ಪಾಸು ಬಂತು. ಮಗ್ಗ ಓಡಿತು, ನವಿಲು ಮೂಡಿತು. ಅಪ್ಪ ಯಾರ ಕಡೆಯೂ ನೋಡದೆ ಅಂಚಿನ ಮೇಲೆ ಕೈ ಆಡಿಸುತ್ತಾ ನಿಂತರು, ಅವರ ಮೂಗಿನ ತುದಿ ಕೆಂಪಾಗಿತ್ತು.

ಅಧ್ಯಕ್ಷರು ಒಪ್ಪಿದರು. ಆದರೆ ಅವರು ಕಣ್ಣಾರೆ ಕಂಡದ್ದು ಇಷ್ಟು: ಮಗಳು ಸಿಕ್ಕಿಸಿದಾಗ ಬರಲಿಲ್ಲ, ತಾಯಿ ಕಣ್ಣಿಗೊತ್ತಿಕೊಂಡ ಮೇಲೆ ಬಂತು. "ಕಾರ್ಡು ನೀನೇ ಮಾಡಮ್ಮ" ಅಂದರು. "ಪೂಜೆ ಮಾತ್ರ ನಿಮ್ಮಮ್ಮಾವ್ರದೇ ಆಗ್ಬೇಕು." ನಾನು ಹಲ್ಲು, ಅರಿಶಿನ, ಕರೆಂಟು ಎಂದೆಲ್ಲ ವಿವರಿಸಿದೆ. ಅವರು ಗೌರವದಿಂದ ಕೇಳಿ, ಪೂಜೆ ಯಾವ ವಾರ ಎಂದು ಅಮ್ಮನನ್ನು ವಿಚಾರಿಸಿದರು.

ಜನ ಹೇಗೂ ಹಚ್ಚದೆ ಬಿಡುವುದಿಲ್ಲ. ಹಾಗಾಗಿ ಈಗ ನನ್ನ ಪ್ರತಿ ಕಾರ್ಡಿನ ಮುಂಭಾಗದಲ್ಲಿ, ಹಲ್ಲಿಲ್ಲದ ಕಡೆ, ಒಂದು ಸಣ್ಣ ಬಿಳಿ ಸುತ್ತು ಇರುತ್ತದೆ. ಕುಂಕುಮ ಅಲ್ಲೇ ಇಡಬೇಕು. ಇಂಥ ಸೌಕರ್ಯ ಯಾವ ದೊಡ್ಡ ಕಂಪನಿಯ ಇಮೇಜಿಗೂ ಇಲ್ಲ.

ಮೊನ್ನೆ, ನನ್ನ ಕಾರ್ಡು ತರಿಸಿಕೊಂಡಿದ್ದ ವಿಜಯಪುರದ ರೇಷ್ಮೆ ಘಟಕದವರೊಬ್ಬರು ಫೋನ್ ಮಾಡಿದರು. "ಮೇಡಂ, ಹೊಸ ಕಾರ್ಡು ಹಾಕಿದ್ರೆ ಪಾಸು ಬರ್ತಾ ಇಲ್ಲ." ನಾನು ಕರೆಂಟು ಕೇಳಿದೆ, ವೈರು ಕೇಳಿದೆ, ಬೋರ್ಡಿನ ದೀಪ ಯಾವ ಬಣ್ಣ ಎಂದು ಕೇಳಿದೆ. ಅವರು ತಾಳ್ಮೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟು, "ಅದೆಲ್ಲ ಇರಲಿ ಮೇಡಂ, ಸ್ವಲ್ಪ ಅಮ್ಮನ ಕೈಗೆ ಫೋನ್ ಕೊಡಿ" ಅಂದರು.

ಅಮ್ಮ ಕೈ ಒರೆಸಿಕೊಂಡು ಫೋನ್ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಸುತ್ತಿನೊಳಗೇ ಹಚ್ಚಿದ್ದೀರಾ?"

ಆ ಕಡೆ ಕಾರ್ಡು ಟಕ್ಕೆಂದು ಹೊರಗೆ ಬಂದದ್ದು ಕೇಳಿಸಿತು. ಆಮೇಲೆ ಯಾರೋ ಬಟ್ಟೆಯಲ್ಲಿ ಒರೆಸುವ ಸದ್ದು.