ಕನ್ನಡ ಬಾರದ ಒಂದು ದಿನ

ಸಂಪತ್ಕುಮಾರ ಮೇಷ್ಟ್ರ ಕಷ್ಟಕ್ಕೆಲ್ಲ ಕಾರಣ ಒಂದೇ. ಅವರು ಕನ್ನಡ ಚೆನ್ನಾಗಿ ಕಲಿಸುತ್ತಿದ್ದರು. ಕಲಿಸದವರೆಲ್ಲ ಬೇಕಾದ ಊರಿಗೆ ವರ್ಗ ಮಾಡಿಸಿಕೊಂಡು, ಸಂಜೆ ಹೊತ್ತಿಗೆ ಸ್ವಂತ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿರುವಾಗ, ಈ ಪುಣ್ಯಾತ್ಮ ಹಾಸನದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಬೆಳಗ್ಗೆ ಸಂಜೆ ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುತ್ತ ಗಂಟಲು ಹರಿದುಕೊಳ್ಳುತ್ತಿದ್ದರು.

ಅದೆಂಥ ಶಾಲೆ ಅಂತೀರಿ! ಹಾಜರಿ ಕೂಗಿದರೆ ಅರ್ಧ ದೇಶವೇ ‘ಪ್ರೆಸೆಂಟ್ ಸಾ’ ಅನ್ನುತ್ತಿತ್ತು. ಅಪಾರ್ಟ್‌ಮೆಂಟ್ ಕಾಯುವ ನೇಪಾಳದವರ ಮಗಳು ಸಬಿತಾ, ಗ್ರಾನೈಟ್ ಕೂರಿಸಲು ಬಂದ ಬಿಹಾರದವರ ಮಗ ರೋಷನ್, ಇನ್ನೂ ಅಸ್ಸಾಮಿನವರು, ರಸ್ತೆ ಕೆಲಸಕ್ಕೆ ಬಂದ ಒಡಿಶಾದವರು. ಅವರ ನಡುವೆ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುವ ನಮ್ಮ ದಂಡಿಗನಹಳ್ಳಿಯ ಹರ್ಷವರ್ಧನ. ಬಂದಾಗ ‘ನೀರು’ ಅನ್ನಲೂ ಬಾರದಿದ್ದ ಮಕ್ಕಳು ಮೇಷ್ಟ್ರ ಹತ್ತಿರ ಪದ್ಯ ಕಲಿತು, ಆಟದ ಬಯಲಲ್ಲಿ ಬೈಗುಳ ಕಲಿತು, ನೋಡನೋಡುತ್ತ ಹಾಸನದವರೇ ಆಗಿಬಿಡುತ್ತಿದ್ದರು.

ಮೇಷ್ಟ್ರ ಊರು ರಾಮನಾಥಪುರ. ಹೆಂಡತಿ ಸೌಜನ್ಯ ಅಲ್ಲೇ ಪೋಸ್ಟಾಫೀಸಿನಲ್ಲಿ, ಮಗಳು ಇಂಚರ ಅಲ್ಲೇ ಒಂದನೇ ಕ್ಲಾಸು. ಬೆಳಗಿನ ಮೊದಲ ಬಸ್ಸು ಸ್ಪೆಷಲ್ ಕ್ಲಾಸಿಗೆ ಮುಟ್ಟಿಸುತ್ತಿರಲಿಲ್ಲವಾದ್ದರಿಂದ ಮೇಷ್ಟ್ರಿಗೆ ಹಾಸನದಲ್ಲೊಂದು ಬಾಡಿಗೆ ರೂಮು. ಶನಿವಾರ ಊರಿಗೆ ಹೋದರೆ ಭಾನುವಾರ ಸಂಜೆ ವಾಪಸ್. ಮಗಳು ಬಸ್‌ಸ್ಟ್ಯಾಂಡಿನವರೆಗೂ ಬಂದು, ಅಳದೆ, ತನ್ನ ಚಪ್ಪಲಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅತ್ತಿದ್ದರಾದರೂ ಚೆನ್ನಾಗಿರುತ್ತಿತ್ತು. ಆ ನಿಂತಿದ್ದನ್ನು ನೆನೆಸಿಕೊಂಡೇ ಮೇಷ್ಟ್ರಿಗೆ ವಾರವೆಲ್ಲ ಅನ್ನ ಇಳಿಯುತ್ತಿರಲಿಲ್ಲ. ಊರಿನ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತರೆ ಮೀನು ಬಂದು ಮುತ್ತುವುದು, ಮಗಳು ಕಿಲಕಿಲ ನಗುವುದು, ಇದೆಲ್ಲ ರೂಮಿನ ಬಚ್ಚಲಲ್ಲಿ ಕಾಲು ತೊಳೆಯುವಾಗ ನೆನಪಾಗಿ ಸುಮ್ಮನೆ ನಿಂತುಬಿಡುತ್ತಿದ್ದರು.

ಊರಿನ ಶಾಲೆಗೇ ವರ್ಗವಾಗಿರುವ ಆರ್ಡರೂ ಬಂದಿತ್ತು. ಆದರೆ ಬದಲಿ ಮೇಷ್ಟ್ರು ಬರುವ ತನಕ ಬಿಡುವ ಹಾಗಿಲ್ಲ. ಬದಲಿ ಬರಬೇಕಾದವರು ಯಾರೋ, ಎಲ್ಲಿದ್ದಾರೋ, ಹುಟ್ಟಿದ್ದಾರೋ ಇಲ್ಲವೋ!

ಅವತ್ತು ಬೆಳಗ್ಗೆ ಎಚ್.ಎಂ. ಆಶಾರಾಣಿ ಮೇಡಂ ಕರೆದು ಹೇಳಿದರು. “ಸಂಪತ್ ಸರ್, ಇವತ್ತು ಚಂದ್ರಶೇಖರಯ್ಯ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಿದ್ದಾರೆ. ಹೊರಗಿನ ಮಕ್ಕಳಿಗೆ ಕನ್ನಡ ಬರಲ್ಲ ಅಂತ ಅವರಿಗೆ ಖಾತ್ರಿಯಾದ್ರೆ, ಆ ಮಕ್ಕಳಿಗೇ ಅಂತ ಒಬ್ಬ ವಿಶೇಷ ಶಿಕ್ಷಕರನ್ನ ಕೊಡ್ತಾರಂತೆ. ಒಬ್ರು ಬಂದ್ರೆ ಸಾಕು, ಅವತ್ತೇ ನಿಮ್ಮನ್ನ ರಿಲೀವ್ ಮಾಡ್ತೀನಿ. ನನ್ನಾಣೆ.”

ಮೇಷ್ಟ್ರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಕಿಟಕಿಯಾಚೆ ಹರ್ಷವರ್ಧನನ ಮೇಲೆ ಕೂಗುತ್ತಿದ್ದ ನೇಪಾಳದ ಸಬಿತಾಳ ದನಿ ಕೇಳಿತು. “ಲೇ ಅರ್ಸ, ನನ್ ಪೆನ್ನು ಕೊಡ್ತೀಯೋ, ಇಲ್ಲ ಮೂತಿಗ್ ಗುದ್ಲೋ?”

ಕನ್ನಡ ಬಾರದ ಮಗುವನ್ನು ಮೇಷ್ಟ್ರು ಎಲ್ಲಿಂದ ತರಬೇಕು?

“ನೀವ್ ಸುಮ್ಕಿರಿ ಸಾ, ನಾನ್ ನೋಡ್ಕತೀನಿ” ಅಂದ ಬಾಗಿಲ ಹಿಂದೆ ನಿಂತಿದ್ದ ಡ್ರಿಲ್ ಮಾಸ್ಟರ್ ಪುಟ್ಟರಾಜು. ಚನ್ನರಾಯಪಟ್ಟಣದ ಕಡೆಯವನು. ಯಾರಿಗೆ ಏನು ಕಷ್ಟ ಬಂದರೂ ಕರೆಯದೆ ಬಂದು ಅದನ್ನು ಎರಡು ಪಟ್ಟು ಮಾಡಿಕೊಡುವ ಒಳ್ಳೇ ಮನುಷ್ಯ. “ಇವತ್ತೊಂದಿನ ಕನ್ನಡ ಬಾಯ್ ಬುಡಬೇಡ್ರಿ ಅಂತ ಐಕ್ಳಿಗೆ ಯೋಳ್ಬುಟ್ರೆ ಆಯ್ತು.”

“ಬೇಡ ಪುಟ್ಟರಾಜು. ಮಕ್ಕಳಿಗೆ ನಾವೇ ಸುಳ್ಳು ಹೇಳಿಕೊಡೋದಾ?”

“ಸುಳ್ ಎಲ್ ಬಂತು ಸಾ? ಬಾಯ್ ಮುಚ್ಕೊಂಡಿರೋದೇ ಸುಳ್ಳಾದ್ರೆ ನಮ್ ಸ್ಟಾಫ್ ಮೀಟಿಂಗೆಲ್ಲ ಸುಳ್ಳೇಯಾ!”

ಖಂಡಿತ ಬೇಡ ಅಂತ ಗದರಿಸಬೇಕಾಗಿತ್ತು. ಆದರೆ ಮೇಷ್ಟ್ರ ಕಣ್ಣ ಮುಂದೆ ಹೊಳೆ ಹರಿಯುತ್ತಿತ್ತು. ಅವರು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆದರು.

ಸಾಹೇಬರು ಬಂದರು. ಇಸ್ತ್ರಿ ಮಾಡಿದ ಮುಖ, ಅದಕ್ಕೊಪ್ಪುವ ಶರ್ಟು. ಒಂಬತ್ತನೇ ಕ್ಲಾಸಿಗೆ ನುಗ್ಗಿ ಸಬಿತಾಳನ್ನು ಎಬ್ಬಿಸಿ “ನಿನ್ನ ಹೆಸರೇನಮ್ಮ?” ಅಂದರು. ಅವಳು ಸೂರು ನೋಡಿದಳು. ರೋಷನ್‌ನನ್ನು ಕೇಳಿದರೆ “ಕ್ಯಾ?” ಅಂದ. ಉಳಿದವರು ತಮ್ಮ ತಮ್ಮ ಭಾಷೆಯಲ್ಲಿ ಒಂದೊಂದು ಮಾತಾಡಿ ಕೂತರು. ಇಷ್ಟು ಚೆನ್ನಾಗಿ ನಡೆಯುತ್ತಿರುವ ಆಟದಲ್ಲಿ ತಾನೊಬ್ಬನೇ ಹೊರಗುಳಿಯುವುದೇ ಅನ್ನಿಸಿರಬೇಕು, ಹರ್ಷವರ್ಧನ ತಾನಾಗಿಯೇ ಎದ್ದು ನಿಂತ.

“ಹಮ್‌ಕೋ ಕನ್ನಡ ನಹೀ ಮಾಲೂಮ್ ಕಣ್ ಸಾ.”

ಸಾಹೇಬರು ಕನ್ನಡಕ ಏರಿಸಿದರು. “ಯಾವ ರಾಜ್ಯದವನಪ್ಪ ನೀನು?”

“ದಂಡಿಗನಳ್ಳಿ ಸಾ.”

“ಅವನಿಗ್ ಉಸಾರಿಲ್ಲ ಸಾ, ಬಿಸಿಲು” ಅನ್ನುತ್ತ ಪುಟ್ಟರಾಜು ಅವನನ್ನು ಎತ್ತಿಕೊಂಡೇ ಹೊರಗೆ ಓಡಿದ.

ಮಧ್ಯಾಹ್ನ ಸಾಹೇಬರು ಮಕ್ಕಳ ಸಾಲಿನಲ್ಲೇ ಊಟಕ್ಕೆ ಕೂತರು. ಪುಟ್ಟರಾಜು ಇಡೀ ಶಾಲೆಗೆ ಹೇಳಿದ್ದ, ಬಿಸಿಯೂಟದ ಅಡುಗೆಯ ಚಿಕ್ಕಮ್ಮನಿಗೆ ಹೇಳುವುದನ್ನೇ ಮರೆತಿದ್ದ. ಆಯಮ್ಮ ಸೌಟು ಹಿಡಿದು ಬಂದು “ಏನ್ಲಾ ರೋಸನ, ಸಾರು ಬೇಕೇನ್ಲಾ?” ಅಂದಳು.

“ಸಾಕು ಕಣಮ್ಮೋ. ಮಜ್ಗೆ ಇದ್ರೆ ಒಸಿ ಬುಡು” ಅಂದ ರೋಷನ್, ತುತ್ತು ನುಂಗುತ್ತಲೇ.

ಸಾಹೇಬರ ಕೈ ಬಾಯಿಯ ಹತ್ತಿರ ನಿಂತಿತು.

“ಊಟದ್ ಮಾತು ಮಾತ್ರ ಬತ್ತದೆ ಸಾ” ಅಂದ ಪುಟ್ಟರಾಜು, ಬೆವರೊರೆಸಿಕೊಳ್ಳುತ್ತ. “ಅಸಿವು ನೋಡಿ, ಅದೇ ಕಲ್ಸ್‌ಬುಡ್ತದೆ.”

ಸಾಹೇಬರು ನಂಬಿದರೋ ಬಿಟ್ಟರೋ, ಊಟ ಮುಗಿಸಿ ಕ್ಲಾಸಿಗೆ ಬಂದವರು ಮೇಷ್ಟ್ರ ಮೇಲೆ ಉರಿದುಬಿದ್ದರು. “ಏನ್ರೀ ಸಂಪತ್ಕುಮಾರ, ಇಷ್ಟು ವರ್ಷ ಏನು ಮಾಡಿದ್ರಿ ಇಲ್ಲಿ? ಮಕ್ಕಳಿಗೆ ತಮ್ಮ ಹೆಸರು ಹೇಳೋಕೂ ಬರಲ್ಲ! ತಿಂಗಳು ತಿಂಗಳು ಸಂಬಳ ಮಾತ್ರ ಬರುತ್ತೆ, ಅಲ್ವಾ? ನಾಚಿಕೆ ಆಗಲ್ವಾ ನಿಮಗೆ?”

ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮೇಷ್ಟ್ರನ್ನು ಇಲಾಖೆ ಹಿಂದೆಂದೂ ಕಂಡಿರಲಾರದು. ಒಂದೊಂದು ಬೈಗುಳಕ್ಕೂ ರಾಮನಾಥಪುರ ಒಂದೊಂದು ಹೆಜ್ಜೆ ಹತ್ತಿರ ಬರುತ್ತಿತ್ತು. ಅವರು ತಲೆ ತಗ್ಗಿಸಿ “ಹೌದು ಸರ್, ನನ್ನದೇ ತಪ್ಪು ಸರ್” ಅನ್ನುತ್ತಿದ್ದರು. “ನಿಮ್ಮಂಥೋರು ಮೇಷ್ಟ್ರು ಕೆಲಸಕ್ಕೇ ಲಾಯಕ್ಕಿಲ್ಲ” ಅಂತ ಸಾಹೇಬರು ಅಂದದ್ದೇ ತಡ, ಬೆಂಚು ದಡಾರನೆ ಹಿಂದಕ್ಕೆ ಸರಿಯಿತು.

“ಸಾ! ನಮ್ ಮೇಷ್ಟ್ರಿಗೆ ಏನೂ ಅನ್ಬೇಡಿ ಕಣ್ ಸಾ!”

ಸಬಿತಾ ಎದ್ದು ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು. ಬಾಗಿಲಲ್ಲಿ ನಿಂತಿದ್ದ ಪುಟ್ಟರಾಜು ಬೇಡ ಬೇಡ ಅಂತ ಎರಡೂ ಕೈ ಆಡಿಸಿದ. ಅವಳೆಲ್ಲಿ ನೋಡುತ್ತಾಳೆ!

“ನಮಗೆಲ್ಲ ಕನ್ನಡ ಬತ್ತದೆ ಸಾ. ಅವರೇ ಕಲ್ಸಿದ್ದು. ಇವತ್ತು ಬೇಕೂಂತ ಬಾಯ್ ಮುಚ್ಕೊಂಡಿದ್ವಿ. ನಮಗೆ ಕನ್ನಡ ಬರಲ್ಲ ಅಂದ್ರೆ ಇನ್ನೊಬ್ಬ ಮೇಷ್ಟ್ರು ಬತ್ತಾರಂತೆ, ಆಗ ಇವರು ಊರಿಗೆ ಓಗಬೋದಂತೆ. ಇವರಿಗೆ ಊರಲ್ಲಿ ಪುಟ್ ಮಗಳವ್ಳೆ ಸಾ. ಪಾಠ ಮಾಡ್ತಾ ಮಾಡ್ತಾ ಒಂದೊಂದ್ಸಲ ಕಿಟಕಿ ಕಡೆ ನೋಡ್ಕೊಂಡು ನಿಂತ್ಬುಡ್ತಾರೆ. ಊರು ನೆನಪಾಯ್ತದೆ ಅಂತ ನಮಗ್ ಗೊತ್ತಾಯ್ತದೆ ಸಾ, ನಮಗೂ ಅಂಗೇ ಆಯ್ತದಲ್ಲ. ನಮ್ಮೂರು ಬಾಳ ದೂರ, ನಾವು ಓಗಕ್ಕಾಗಲ್ಲ. ಇವರದು ಇಲ್ಲೇ ಅದೆ. ಇವರಾದ್ರೂ ಓಗ್ಲಿ ಸಾ.”

ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಕೊನೆಗೆ “ಆಫೀಸ್ ರೂಮಿಗೆ ಬನ್ನಿ” ಅಂದರು.

ಆಫೀಸ್ ರೂಮಿನಲ್ಲಿ ಅವರ ದನಿಯೇ ಬದಲಾಗಿತ್ತು. “ಸಂಪತ್ಕುಮಾರ್, ಕ್ಷಮಿಸಬೇಕು. ಎಷ್ಟೋ ಶಾಲೆ ನೋಡಿದ್ದೀನಿ. ಹೊರಗಿನಿಂದ ಬಂದ ಮಗು ಹೀಗೆ ಎದ್ದು ನಿಂತು, ಹೃದಯ ಬಿಚ್ಚಿ ಕನ್ನಡದಲ್ಲಿ ಮಾತಾಡಿದ್ದನ್ನ ಕೇಳಿರಲಿಲ್ಲ. ಇಂಥ ಮಕ್ಕಳು ಇನ್ನೂ ಬರ್ತಾನೇ ಇರ್ತಾರೆ, ಅವರಿಗೆ ವಿಶೇಷ ಶಿಕ್ಷಕರ ಹುದ್ದೆ ಕೊಡಲೇಬೇಕು. ನಾಳೆಯಿಂದಲೇ ಮಂಜೂರು.”

ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿದ್ದ ಪುಟ್ಟರಾಜು ಇಷ್ಟು ಕೇಳಿದ್ದೇ ಕೇಳಿದ್ದು, “ಆಯ್ತು ಕಣ್ರಲೇ! ಮೇಷ್ಟ್ರು ಊರಿಗೆ ಒಂಟ್ರು!” ಅಂತ ಕೂಗುತ್ತ ಮಕ್ಕಳ ಕಡೆ ಕಾಲಿಗೆ ಬುದ್ಧಿ ಹೇಳಿದ. ಮುಂದಿನ ಮಾತು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಮೇಷ್ಟ್ರು ಕೈ ಮುಗಿದರು. “ಸರ್, ಹಾಗಾದ್ರೆ ನಾನು...”

“ನೀವೇ!” ಅಂದರು ಸಾಹೇಬರು, ಮೇಜು ಕುಟ್ಟಿ. “ಆ ಹುದ್ದೆಗೆ ನಿಮ್ಮನ್ನ ಬಿಟ್ಟು ಇನ್ಯಾರು? ಇಂಥ ಮೇಷ್ಟ್ರನ್ನ ಊರಿಗೆ ಕಳಿಸೋಕಾಗುತ್ತಾ? ನಿಮ್ಮ ಹಳೇ ವರ್ಗಾವಣೆ ಆರ್ಡರು ನಾನೇ ರದ್ದು ಮಾಡಿಸ್ತೀನಿ, ಯೋಚನೆ ಮಾಡಬೇಡಿ.”

“ಸರ್, ಕನ್ನಡ ಮೇಷ್ಟ್ರ ಕೆಲಸ?”

“ಬದಲಿ ಬರೋ ತನಕ ಅದನ್ನೂ ನೀವೇ ನೋಡ್ಕೊಳ್ಳಿ.”

ಆಶಾರಾಣಿ ಮೇಡಂ ಮೇಷ್ಟ್ರ ಮುಖ ನೋಡಲಾರದೆ ಗಡಿಯಾರ ನೋಡಿದರು.

ಮೇಷ್ಟ್ರು ಹೊರಗೆ ಬಂದರೆ ಗೇಟಿನಲ್ಲಿ ಜಾತ್ರೆಯೇ ನೆರೆದಿತ್ತು. ಪುಟ್ಟರಾಜು ಮುಂದೆ, ಹಿಂದೆ ಇಡೀ ಒಂಬತ್ತನೇ ಕ್ಲಾಸು. ರೋಷನ್ ಆಗಲೇ ಮೇಷ್ಟ್ರ ಬ್ಯಾಗು ಹೆಗಲಿಗೇರಿಸಿದ್ದ. “ನೋಡಿ ಮಕ್ಕಳೇ, ನಾನು ಹೇಳೋದು ಸ್ವಲ್ಪ ಕೇಳಿ” ಅಂತ ಮೇಷ್ಟ್ರು ಬಾಯಿ ತೆರೆದರೆ ಪುಟ್ಟರಾಜು ತಬ್ಬಿಕೊಂಡು ಗೊಳೋ ಅಂತ ಅತ್ತ. ಅವನ ಅಳುವಿನಲ್ಲಿ ಯಾರ ಮಾತೂ ಕೇಳಿಸುವ ಹಾಗಿರಲಿಲ್ಲ. ಅವನು ಬಿಟ್ಟ ಮೇಲೆ ಸಬಿತಾಳ ಮುಖ ಕಂಡಿತು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ‘ನೀನು ಮಾತಾಡಿದ್ದರಿಂದಲೇ ಎಲ್ಲ ಹೋಯಿತಮ್ಮ’ ಅಂತ ಆ ಮಗುವಿಗೆ ಯಾವ ಬಾಯಲ್ಲಿ ಹೇಳುವುದು? ಮೇಷ್ಟ್ರಿಂದ ಆಗಲಿಲ್ಲ.

ಮೆರವಣಿಗೆ ಬಸ್‌ಸ್ಟ್ಯಾಂಡಿಗೆ ಹೋಯಿತು. ರಾಮನಾಥಪುರದ ಬಸ್ಸು ನಿಂತಿತ್ತು, ಒಳಗೆ ಕಿಕ್ಕಿರಿದ ಜನ. ಹರ್ಷವರ್ಧನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದ. ಮಕ್ಕಳೆಲ್ಲ ಸೇರಿ ಮೇಷ್ಟ್ರನ್ನು ದಬ್ಬಿ, ಹತ್ತಿಸಿ, ಕೂರಿಸಿದರು. ಸಬಿತಾ ಕಿಟಕಿಗೆ ಎಗರಿ “ಸಾ, ಪಾಪುನ ಕೇಳ್ದೆ ಅನ್ನಿ!” ಅಂದಳು. ಬಸ್ಸು ಹೊರಟಿತು. ಅವರು ಮರೆಯಾಗುವ ತನಕ ಮೇಷ್ಟ್ರು ಕೈ ಬೀಸಿದರು.

ಹೇಗೂ ಹತ್ತಿದ್ದಾಯಿತು, ಹೋಗಿಯೇಬಿಡಲೇ ಅಂತ ಜೀವ ಎಳೆಯಿತು. ಇದೇ ಬಸ್ಸು, ಇದೇ ಸೀಟು, ಕಣ್ಣು ಮುಚ್ಚಿದರೆ ಊರು. ಆದರೆ ಬೆಳಗ್ಗೆ ಸ್ಪೆಷಲ್ ಕ್ಲಾಸು. ಇನ್ನು ಮೇಲೆ ಎರಡೆರಡು.

ಕಂಡಕ್ಟರ್ ಬಂದ. “ರಾಮನಾಥಪುರಾನಾ ಸಾ?”

ಮೇಷ್ಟ್ರು ಜೇಬಿನಿಂದ ಚಿಲ್ಲರೆ ತೆಗೆದರು. “ಇಲ್ಲಪ್ಪ. ಮುಂದಿನ ಸ್ಟಾಪು.”

ಕಂಡಕ್ಟರ್ ಹಿಂದಕ್ಕೆ ತಿರುಗಿ ನೋಡಿದ, ಮೇಷ್ಟ್ರನ್ನು ನೋಡಿದ.

“ಅಷ್ಟಕ್ಕೆ ಅಷ್ಟೊಂದು ಜನ ಅಳ್ತಾ ಕಳ್ಸಕ್ ಬಂದಿದ್ರಾ ಸಾ?”