ಹನ್ನೆರಡರೊಳಗಿನವರ ಕಳ್ಳತನ

ಇಲಾಖೆಯ ಮೈದಾನದಲ್ಲಿ, ಇಲಾಖೆಯ ಖರ್ಚಿನಲ್ಲೇ, ಹೆಣ್ಣುಮಕ್ಕಳಿಗೆ ಕಳ್ಳತನ ಕಲಿಸಲಾಗುತ್ತಿದೆ ಎಂಬ ಸಂಗತಿಯು ಕ್ರೀಡಾ ಇಲಾಖೆಯ ಉಪನಿರ್ದೇಶಕರ ಗಮನಕ್ಕೆ ಬಂದದ್ದು ಮಂಗಳವಾರ ಬೆಳಗ್ಗೆ. ಅವರು ತಪಾಸಣೆಗೆಂದು ಬಂದು, ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಾಗ ಕೋಚ್ ಮೇಡಂ ಗೆರೆಯಾಚೆ ನಿಂತು ಗಂಟಲು ಹರಿಯುವಂತೆ ಕೂಗಿದರು: "ಕದಿಯೇ! ಅವಳು ನೋಡ್ತಿಲ್ಲ, ಕದಿ! ನನ್ನ ಮುಖ ಏನು ನೋಡ್ತೀಯ, ಕದಿ!"

ಆಕೆ ಕೂಗಿದ್ದು ಚಿಗರೆಗೆ. ಅವಳಿಗೆ ಬೇರೆ ಹೆಸರಿತ್ತು. ಅವಳ ಓಟ ನೋಡಿದ ಮೇಲೆ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಸಾಫ್ಟ್‌ಬಾಲಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೇಸ್ ಇರುತ್ತವೆ. ಎದುರಾಳಿಯ ಕೈಯಿಂದ ಚೆಂಡು ಹೊರಟ ಕೂಡಲೇ, ತನ್ನ ಕಡೆಯವಳು ಅದನ್ನು ಹೊಡೆಯಲೆಂದು ಕಾಯದೆ, ಓಡಿ ಮುಂದಿನ ಬೇಸ್ ಮುಟ್ಟಿದರೆ ಅದನ್ನು ಕದ್ದಂತೆ. ಎಲ್ಲರೂ ನೋಡುತ್ತಿರುವಾಗಲೇ ಮಾಡಬೇಕಾದ, ಕದ್ದದ್ದನ್ನು ಅಲ್ಲೇ ಬಿಟ್ಟು ಬರಬೇಕಾದ ಕಳ್ಳತನ ಲೋಕದಲ್ಲಿ ಇದೊಂದೇ. ಹಾಗಾಗಿ ಅದು ಇಲಾಖೆಯವರಿಗೆ ತಿಳಿಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಮಧ್ಯಾಹ್ನ ವಿಚಾರಣೆ ನಡೆಯಿತು. ಉಪನಿರ್ದೇಶಕರ ಕೋಣೆಯಲ್ಲಿ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ಸ್ಟೋರ್ ಕೀಪರ್ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು.

"ಎಷ್ಟನೇ ವಯಸ್ಸಿಂದ ಕದಿಯೋದು ಕಲಿಸ್ತೀರಿ ಮೇಡಂ?"

"ಹತ್ತು ತುಂಬಿದ ಮೇಲೆ ಸಾರ್. ಅದಕ್ಕಿಂತ ಚಿಕ್ಕವರಿಗೆ ಬಿಡಲ್ಲ. ಅವರಿನ್ನೂ ಹಿಡಿಯೋದು, ಎಸೆಯೋದು ಕಲೀತಿದ್ದಾರೆ."

"ಹದಿನಾಲ್ಕರೊಳಗಿನವರು?"

"ಅವರು ಜಾರ್ತಾರೆ ಸಾರ್. ಕೊನೇ ಗಳಿಗೇಲಿ ನೆಲಕ್ಕೆ ಬಿದ್ದು, ಹಿಡಿಯೋರ ಕೈಯಿಂದ ನುಣುಚಿಕೊಂಡು ಜಾರೋದು. ಅದಕ್ಕೆ ತುಂಬಾ ಅಭ್ಯಾಸ ಬೇಕು."

"ಬೇಕು, ಬೇಕು," ಎಂದು ಉಪನಿರ್ದೇಶಕರು ಅನುಭವಸ್ಥರಂತೆ ತಲೆದೂಗಿದರು.

ಸ್ಟೋರ್ ಕೀಪರ್ ಕೆಮ್ಮಿದ್ದು ಆಗಲೇ. ಮುಂದಿನ ವಾರ ಆಡಿಟ್‌ನವರು ಬರುವವರಿದ್ದರು. ಸ್ಟೋರಿನಲ್ಲಿ ಬ್ಯಾಟುಗಳಿರಲಿಲ್ಲ, ಗ್ಲೌಸುಗಳಿರಲಿಲ್ಲ, ನೀರಿನ ಮೋಟಾರು ಇರಬೇಕಾದಲ್ಲಿ ಎರಡು ತಂತಿ ನೇತಾಡುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯಿದೆ. ಇಲ್ಲಿ ಮೈದಾನದ ಪೂರ್ವದ ಬೇಲಿ ಎದ್ದು ಹೋಗಿ ಸ್ಟೋರ್ ಕೀಪರರ ಹೊಸ ಮನೆಯ ಸುತ್ತ ನಿಂತಿತ್ತು. ಮೋಟಾರು ಉಪನಿರ್ದೇಶಕರ ತೋಟದಲ್ಲಿ ನಿಷ್ಠೆಯಿಂದ ನೀರೆತ್ತುತ್ತಿತ್ತು. ಹೀಗಿರುವಾಗ ಕಳ್ಳರು ತಾವಾಗಿ ಸಿಕ್ಕಿದ್ದು, ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು.

"ನೋಡಿ ಮೇಡಂ," ಎಂದರು ಉಪನಿರ್ದೇಶಕರು. "ಮಕ್ಕಳು ಕದೀತಾರೆ ಅಂತ ನೀವೇ ಒಪ್ಪಿದ್ರಿ. ಸಾಮಾನು ಕಳುವಾಗಿದೆ ಅಂತ ಇವರು ಒಪ್ತಿದ್ದಾರೆ. ಎರಡನ್ನೂ ಜೋಡಿಸೋದಷ್ಟೇ ಬಾಕಿ."

"ಸಾರ್, ಹನ್ನೊಂದು ವರ್ಷದ ಮಕ್ಕಳು ಬೇಲಿ ಕಿತ್ತುಕೊಂಡು ಹೋಗೋಕಾಗುತ್ತಾ?"

"ನಿಮ್ಮ ತರಬೇತಿ ಬಗ್ಗೆ ನೀವೇ ಇಷ್ಟು ಹಗುರವಾಗಿ ಮಾತಾಡಬಾರದು."

ತೀರ್ಮಾನ ಸರಳವಾಗಿತ್ತು. ಹುಡುಗಿಯರು ತಪ್ಪೊಪ್ಪಿಗೆ ಬರೆದುಕೊಟ್ಟರೆ, ಅಪ್ರಾಪ್ತ ವಯಸ್ಕರೆಂದು ಇಲಾಖೆ ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತದೆ. ಕೊಡದಿದ್ದರೆ ತನಿಖೆ ಮುಗಿಯುವತನಕ ತಂಡ ರದ್ದು. ಭಾನುವಾರ ಹನ್ನೆರಡರೊಳಗಿನವರ ಫೈನಲ್ ಇತ್ತು. ಈ ಮೈದಾನದ ತಂಡವೊಂದು ಫೈನಲ್ ಮುಟ್ಟಿದ್ದೇ ಅದು ಮೊದಲು.

ಕೋಚ್ ಮೇಡಮ್ಮಿಗೆ ಮೈಯೆಲ್ಲ ಉರಿಯಿತು. ಆ ಉರಿಯನ್ನು ಹೊತ್ತುಕೊಂಡೇ ಬಟ್ಟೆ ಬದಲಿಸುವ ಕೋಣೆಗೆ ಬಂದು ವಿಷಯ ಹೇಳಿದರು. ಚಿಗರೆಯ ಅಮ್ಮ ಟೈಲರು. ಹರಿದ ಜರ್ಸಿ ಹೊಲಿಯಲು ಅಲ್ಲೇ ಕೂತಿದ್ದವರು ಹಲ್ಲಿನಿಂದ ದಾರ ಕಡಿದು ಎದ್ದರು. "ನನ್ನ ಮಗಳು ಒಂದು ಸೂಜಿ ಮುಟ್ಟಿದವಳಲ್ಲ. ಅವಳ ಕೈಯಲ್ಲಿ ಕಳ್ಳಿ ಅಂತ ಬರೆಸ್ತೀರಾ?"

"ಬೇಡಮ್ಮ, ಬೇಡ. ನಾನು ಬರೆಸಲ್ಲ. ಆಟ ಹೋದ್ರೆ ಹೋಯ್ತು."

ಚಿಗರೆ ಶೂ ದಾರ ಕಟ್ಟುತ್ತಿದ್ದವಳು ತಲೆಯೆತ್ತಿದಳು. "ಬರೆದುಕೊಟ್ರೆ ಭಾನುವಾರ ಆಡಬಹುದಾ ಮೇಡಂ?"

"ಆಡಬಹುದು. ಆದ್ರೆ..."

"ಹಾಗಾದ್ರೆ ಪೆನ್ನು ಕೊಡಿ."

ಹೆತ್ತವಳಿಗೆ ಅಳು ಬಂತು, ಕಲಿಸಿದವಳಿಗೆ ನಾಚಿಕೆಯಾಯಿತು. ಇಬ್ಬರಲ್ಲಿ ಯಾರೂ ಅವಳ ಕೈಯಿಂದ ಪೆನ್ನು ಕಸಿದುಕೊಳ್ಳಲಿಲ್ಲ.

ಅಪರಾಧಗಳನ್ನು ವಯೋಮಾನಕ್ಕೆ ತಕ್ಕಂತೆ ಹಂಚಲಾಯಿತು. ಹದಿನಾಲ್ಕರೊಳಗಿನವರಿಗೆ ಬೇಲಿ, ಹನ್ನೆರಡರೊಳಗಿನವರಿಗೆ ಬ್ಯಾಟು, ಗ್ಲೌಸು. ಹತ್ತರೊಳಗಿನವರಿಗೆ ಕದಿಯಲು ನಿಯಮದಲ್ಲೇ ಅವಕಾಶವಿಲ್ಲವೆಂದು ಕೋಚ್ ಮೇಡಂ ಪಟ್ಟು ಹಿಡಿದದ್ದರಿಂದ, ಅವರು ನೋಡುತ್ತಾ ನಿಂತಿದ್ದರು ಎಂದು ದಾಖಲಾಯಿತು. ಮೋಟಾರು ಮಾತ್ರ ವಿಶೇಷ ಪ್ರತಿಭೆಯನ್ನು ಪರಿಗಣಿಸಿ ಚಿಗರೆಯೊಬ್ಬಳ ಪಾಲಿಗೆ ಬಂತು.

ಇನ್ನು ಮುಂದೆ ಮೈದಾನದಲ್ಲಿ 'ಕದಿ' ಎಂಬ ಅಸಭ್ಯ ಪದವನ್ನು ಬಳಸಕೂಡದೆಂದೂ, ಅದರ ಬದಲಿಗೆ 'ಮುಂದಿನ ಬೇಸನ್ನು ಈ ಕೂಡಲೇ ಸ್ವಾಧೀನಕ್ಕೆ ಪಡೆಯತಕ್ಕದ್ದು' ಎಂದು ಕೂಗಬೇಕೆಂದೂ ಸುತ್ತೋಲೆ ಹೊರಟಿತು. ಅಭ್ಯಾಸದ ವೇಳೆ ಕೋಚ್ ಮೇಡಂ 'ಸ್ವಾಧೀನ'ಕ್ಕೆ ಬರುವಷ್ಟರಲ್ಲಿ ಹುಡುಗಿಯರು ಔಟಾಗಿ ಬಂದು ನೀರು ಕುಡಿಯುತ್ತಿದ್ದರು.

ಭಾನುವಾರ ಅಂಕಗಳು ಸಮವಾಗಿದ್ದವು. ಕೊನೆಯ ಸರದಿಯಲ್ಲಿ ಚಿಗರೆ ಮೂರನೇ ಬೇಸಿನಲ್ಲಿದ್ದಳು. ಇನ್ನೊಂದನ್ನು ಮುಟ್ಟಿದರೆ ಗೆಲುವು. ಕೋಚ್ ಮೇಡಂ ವೇದಿಕೆಯ ಮೇಲಿದ್ದ ಉಪನಿರ್ದೇಶಕರನ್ನೊಮ್ಮೆ ನೋಡಿ, ಉಸಿರೆಳೆದುಕೊಂಡು "ಮುಂದಿನ..." ಎಂದರು. ಅವಳು 'ಮು'ವಿಗೇ ಹೊರಟಿದ್ದಳು. ನೆಲಕ್ಕೆ ಬಿದ್ದು, ಧೂಳೆಬ್ಬಿಸಿ, ಹಿಡಿಯುವವಳ ಗ್ಲೌಸಿನ ಕೆಳಗೆ ಜಾರಿ, ಕಾಲು ಮುಟ್ಟಿಸಿದಳು. ಹನ್ನೆರಡರೊಳಗಿನವರಿಗೆ ಜಾರುವುದನ್ನು ಯಾರೂ ಕಲಿಸಿರಲಿಲ್ಲ. ಕೋಚ್ ಮೇಡಂ ಸುತ್ತೋಲೆ ಮರೆತು ಕುಣಿದರು. ಟೈಲರಮ್ಮ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡರು.

ಉಪನಿರ್ದೇಶಕರು ತಂಡದ ಪ್ರಾಮಾಣಿಕತೆಯನ್ನು ಬಹುವಾಗಿ ಹೊಗಳಿ ಕಪ್ ಕೊಟ್ಟರು. ಒಳ್ಳೆಯ ಭಾರದ ಕಪ್. ಭದ್ರವಾಗಿರಲಿ ಎಂದು ಸ್ಟೋರ್ ಕೀಪರ್ ಅದನ್ನು ಸ್ವತಃ ಹೊತ್ತೊಯ್ದು ಸ್ಟೋರಿನಲ್ಲಿಟ್ಟು ಬೀಗ ಹಾಕಿದರು.

ಸೋಮವಾರ ಬೆಳಗ್ಗೆ ಬೀಗ ಇದ್ದ ಹಾಗೇ ಇತ್ತು, ಕಪ್ ಇರಲಿಲ್ಲ.

ಕೋಚ್ ಮೇಡಂ ಸುದ್ದಿ ಹೇಗೆ ಹೇಳಲಿ ಎಂದು ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗಿಯರು ಅಷ್ಟರಲ್ಲೇ ಬಂದು ಖಾಲಿ ಕಪಾಟು ನೋಡಿದರು. ಎತ್ತರದವರು ಹಿಂದೆ, ಗಿಡ್ಡವರು ಮುಂದೆ, ತಾವಾಗಿ ಸಾಲು ನಿಂತರು. ಚಿಗರೆ ಬ್ಯಾಗಿನಿಂದ ಹಾಳೆ ತೆಗೆದಳು.

"ಕಪ್ಪಿಗೆ ಒಬ್ಬೊಬ್ಬರೂ ಬೇರೆ ಬೇರೆ ಬರೀಬೇಕಾ ಮೇಡಂ, ಇಲ್ಲ ಎಲ್ಲರದ್ದೂ ಸೇರಿಸಿ ಒಂದೇ ಸಾಕಾ?"

"ಒಂದೇ ಸಾಕು," ಎಂದರು ಕೋಚ್ ಮೇಡಂ, ಹಾಳೆಗೆ ಅಂಚು ಮಡಚಿಕೊಡುತ್ತಾ. "ಅಕ್ಷರ ದುಂಡಗಿರಲಿ."