ಪಿಕಪ್ಪಿಗೆ ಹಾಕಿಸಿದ ಹಿತ್ತಾಳೆ ಮುಚ್ಚಳ

ಅಂಗಡಿ ಇಟ್ಟವನ ಕಿವಿ ಒಂದು ಬಗೆಯಲ್ಲಿ ಕೆಟ್ಟಿರುತ್ತದೆ. ಯಾರು ಏನು ಕೇಳಿದರೂ ಸರಕಿನ ಮೇಲಿನ ದೂರಿನಂತೆಯೇ ಕೇಳಿಸುತ್ತದೆ. ರಾಯದುರ್ಗದಲ್ಲಿ ಮೂವತ್ತು ವರ್ಷ ಸ್ಟೀಲ್ ಪಾತ್ರೆ ಮಾರಿದ ನನ್ನನ್ನು ಯಾರಾದರೂ "ಊಟ ಆತೇನ್ರಿ?" ಎಂದರೂ, ಅವರ ಟಿಫಿನ್ ಕ್ಯಾರಿಯರ್ ಸೋರುತ್ತಿದೆಯೇನೋ ಎಂದು ಎದೆ ಹಾರುತ್ತದೆ. ಹೊಸದಾಗಿ ಅಂಗಡಿ ಇಡುವವರಿಗೆ ನನ್ನ ಸಲಹೆ: ಈ ಕಿವಿ ಗಿರಾಕಿಗಳಿಗೆ ಮಾತ್ರ ಇರಲಿ. ಸ್ನೇಹಿತರ ಜೊತೆ ಮಾತಾಡುವಾಗ ತೆಗೆದು ಗಲ್ಲಾಪೆಟ್ಟಿಗೆಯಲ್ಲಿಡಿ. ನಾನು ಇಡಲಿಲ್ಲ.

ಮಲ್ಲೇಶಿ ಮಡಕಶಿರದವನು. ಮದುವೆಗೆ ಮುಂಚೆ ನಾವಿಬ್ಬರೂ ಒಂದೇ ಆರ್ಕೆಸ್ಟ್ರಾದಲ್ಲಿದ್ದೆವು. ಅವನದು ಎಲೆಕ್ಟ್ರಿಕ್ ಗಿಟಾರು, ನನ್ನದು ಬಾಂಗೋ. ಈಗ ಅವನಿಗೆ ರೇಷ್ಮೆಹುಳು, ನನಗೆ ಪಾತ್ರೆ. ಆರ್ಕೆಸ್ಟ್ರಾ ಮುರಿದಾಗ ಆ ಗಿಟಾರನ್ನು ನಾನೇ ಕೊಂಡೆ. ಬೇರೆಯವರ ಕೈಗೆ ಹೋಗಬಾರದೆಂಬ ಆಸೆಗೆ ಕೊಂಡವನು ಬಾಯಿ ಮುಚ್ಚಿಕೊಂಡು ಕೊಳ್ಳಬೇಕಿತ್ತು. "ಲೇ ಮಲ್ಲೇಶಿ, ಗುಂಯ್ ಅಂತೈತಲ್ಲೋ ಇದು" ಎಂದು ದೋಷ ಹಿಡಿದು ಬೆಲೆ ಇಳಿಸಿಯೇ ಬಿಟ್ಟೆ. ಅವನು ನಾನು ಹೇಳಿದಷ್ಟಕ್ಕೇ ಕೊಟ್ಟು ಹೋದ. ಗಿಟಾರು ಅಟ್ಟ ಸೇರಿತು. ಅವನು ಮತ್ತೆ ಯಾವ ಗಿಟಾರನ್ನೂ ಮುಟ್ಟಲಿಲ್ಲವಂತೆ. ಒಂದೇ ಒಂದು ಸಲ ಅವನು ಅದನ್ನು ನುಡಿಸುವುದನ್ನು ಕೇಳಬೇಕೆಂದು ಎಷ್ಟೋ ವರ್ಷಗಳಿಂದ ನನ್ನ ಜೀವ ತುಡಿಯುತ್ತಿತ್ತು.

ಹೋದ ತಿಂಗಳು ಅವನ ಫೋನು ಬಂತು. ಕಣೇಕಲ್ಲಿನಲ್ಲಿ ನೆಂಟರ ಮದುವೆ, ಹಾಗೇ ನಮ್ಮ ಮನೆಗೂ ಬರುತ್ತೇನೆ ಎಂದ. ಫೋನು ಇಡುವ ಮುನ್ನ, "ಅದು ಇನ್ನೂ ಗುಂಯ್ ಅಂತೈತೇನಯ್ಯಾ?" ಎಂದು ಕೇಳಿದ. ನನಗೆ ಚುರುಕ್ಕೆಂದಿತು. ಹಳೆಯ ಚೌಕಾಸಿಗೆ ಈಗ ಕುಟುಕುತ್ತಿದ್ದಾನೆ ಎಂದುಕೊಂಡೆ. ಆ ದೋಷವನ್ನೇ ಇಲ್ಲವಾಗಿಸಿ ಗಿಟಾರನ್ನು ಅವನ ಕೈಗಿಡಬೇಕೆಂದು ಹಟ ಹುಟ್ಟಿತು.

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಮೇಲಿನ ತಂತಿಗಳ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅವುಗಳ ಕೆಲಸ. ಜೊತೆಗೆ ಟ್ಯೂಬ್‌ಲೈಟು, ಮಿಕ್ಸಿಗಳ ಗದ್ದಲವನ್ನೂ ಹಿಡಿದು ಕಳಿಸುತ್ತವೆ. ಲೋಹದ ಮುಚ್ಚಳ ಹಾಕಿ ಅರ್ತಿಂಗಿನ ತಂತಿಗೆ ಸೇರಿಸಿದರೆ ಆ ಗದ್ದಲ ಬಹುಮಟ್ಟಿಗೆ ಅಡಗುತ್ತದೆ. ನೀವು ಹಾಕಿಸುವುದಾದರೆ ಕಬ್ಬಿಣದ್ದು ಬೇಡ, ನಾದ ಮಂಕಾಗುತ್ತದೆ, ಹಿತ್ತಾಳೆಯದು ಹಾಕಿಸಿ. ನಮ್ಮ ಅಂಗಡಿಯ ಪಾತ್ರೆಗಳಿಗೆ ಬೆಸುಗೆ ಹಾಕುವ ಖಾದರ್ ತಗಡು ಬಗ್ಗಿಸಿ ಮುಚ್ಚಳ ಮಾಡಿಕೊಟ್ಟ. "ಇದ್ರಾಗ ಅಡಿಕಿ ಇಡ್ತೀರೇನ್ರಿ, ಸುಣ್ಣ ಇಡ್ತೀರೇನ್ರಿ?" ಎಂದು ನಕ್ಕ. ಮುಚ್ಚಳ ಅದುರಿ ಕಿರುಗುಟ್ಟಬಾರದೆಂದು ನಾನು ಮೇಣದಬತ್ತಿ ಕರಗಿಸಿ ಒಳಗೆ ಬಿಟ್ಟೆ. "ಮಗಳ ಮದುವ್ಯಾಗೂ ಇಷ್ಟು ಓಡಾಡಿಲ್ಲ ನೀವು" ಎಂದಳು ಹೆಂಡತಿ.

ಮಲ್ಲೇಶಿ ಬಂದ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಆಂಪ್ಲಿಫೈಯರಿನ ಸ್ವಿಚ್ಚು ಹಾಕಿ, ಬಹುಮಾನ ಬರುವುದನ್ನು ಕಾಯುವವನಂತೆ ನಿಂತೆ. ಅವನು ಸ್ಪೀಕರಿಗೆ ಕಿವಿಯಿಟ್ಟ.

"ಕರೆಂಟ್ ಐತೇನಯ್ಯಾ?"

"ಐತೋ. ಗುಂಯ್ ಅನ್ನಾದು ಹೋಗೈತಿ. ಮುಚ್ಚಳ ಹಾಕ್ಸೀನಿ ನೋಡು."

"ಯಾಕಯ್ಯಾ ಹೋಗ್ಸಿದೆ? ಅದನ್ನ ಕೇಳಾನ ಅಂತ್ಲೇ ಬಂದೆ ಕಣಯ್ಯಾ." ಮುಚ್ಚಳದ ಮೇಲೆ ಬೆರಳಾಡಿಸಿದ. "ಪರದೆ ಏಳಾಕ್ ಮುಂಚೆ ಇದೊಂದೇ ಗುಂಯ್ ಅಂತಿತ್ತು. ನೀನು ಬಾಂಗೋ ಮೇಲೆ ಕೈ ಇಟ್ಕಂಡು ನನ್ ಮಖ ನೋಡ್ತಿದ್ದೆ. ನಂಗೆ ಹಾಡೆಲ್ಲ ಮರ್ತೋಗೈತೆ, ಅದೊಂದು ಮರ್ತಿಲ್ಲ."

ನುಡಿಸಲಿಲ್ಲ. ಚಹಾ ಕುಡಿದು ಬಸ್ಸು ಹತ್ತಿದ.

ನನಗೂ ಮರೆತಿರಲಿಲ್ಲ. ಆ ಅರ್ಧ ನಿಮಿಷದಲ್ಲಿ ನಮಗೆ ಇಪ್ಪತ್ತು ವರ್ಷ. ಪರದೆಯ ಆಚೆ ಜನ, ಈಚೆ ನಾವು, ನಡುವೆ ಆ ಸದ್ದು. ಅದನ್ನೇ ನಾನು ದೋಷವೆಂದು ತೋರಿಸಿ ಬೆಲೆ ಇಳಿಸಿದ್ದೆ.

ಮರುದಿನವೇ ಮುಚ್ಚಳ ಕೀಳಲು ಕೂತೆ. ನನ್ನದೇ ಮೇಣ, ನನ್ನ ಹಾಗೆಯೇ ಬಿಗಿ, ಮಧ್ಯಾಹ್ನ ಆಯಿತು. ಮಲ್ಲೇಶಿಗೆ ಫೋನು ಮಾಡಿ ಸ್ಪೀಕರಿನ ಮುಂದೆ ಹಿಡಿದೆ. ಗುಂಯ್. ಇಬ್ಬರೂ ಕೇಳುತ್ತಾ ಕೂತೆವು. ಅಷ್ಟರಲ್ಲಿ ಒಳಗೆ ಹೆಂಡತಿ ಮಿಕ್ಸಿ ಹಾಕಿದಳು, ಸದ್ದು ಘರ್ರೆಂದು ಏರಿತು. ನಾನು ಕೂಗಾಡುವಷ್ಟರಲ್ಲಿ ಫೋನಿನಿಂದ, "ಬೈಬ್ಯಾಡ, ಬೈಬ್ಯಾಡ! ತಂಗ್ಯಮ್ಮ ಇನ್ನೊಸಿ ತಿರುವ್ಲಿ. ಸೋಮ್ವಾರ ಬತ್ತೀನಿ, ನುಡಿಸ್ತೀನಿ. ಅಲ್ಲೀಗಂಟ ಏನೂ ರಿಪೇರಿ ಮಾಡ್ಬ್ಯಾಡ ಕಣಯ್ಯಾ!"

ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ವಾಲ್ಯೂಮಿನ ತಿರುಪು ಸಡಿಲವಾಗಿದೆ, ಎರಡು ಸ್ಕ್ರೂಗಳಿಗೆ ತುಕ್ಕು ಹಿಡಿದಿದೆ. ನನ್ನನ್ನು ನಾನೇ ನಂಬದೆ ಸ್ಕ್ರೂಡ್ರೈವರನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಹೆಂಡತಿಗೆ ಕೊಟ್ಟಿದ್ದೇನೆ. ಬೆಳಗಿನಿಂದ ಅವಳ ಜೊತೆ ಚೌಕಾಸಿ ನಡೆದಿದೆ. ಎರಡು ಬೇಡ, ಒಂದೇ ಸ್ಕ್ರೂ ಎನ್ನುವವರೆಗೆ ಇಳಿದಿದ್ದೇನೆ, ಅವಳು ಜಗ್ಗುತ್ತಿಲ್ಲ.